ಒಂದಂಗುಲಕ್ಕೆ ಒಂದಡಿ

ಚೊಂಬಿನ ನೀರನ್ನು ಸೂರಿನ ಮೇಲೆ ಸುರಿದ ಭೂತಯ್ಯ ಮೊಣಕಾಲೂರಿ ಬಾಗಿಲೊಳಗೆ ಕಣ್ಣಿಟ್ಟ. ಆರು ಎಣಿಸುವಷ್ಟರಲ್ಲಿ ಮೂಲೆಯಿಂದ ಹನಿಯೊಂದು ಇಳಿಯಿತು.

"ಮತ್ತೆ ಸೋರ್ತೈತೆ ಕಣವ್ವ."

ಐದು ತಿಂಗಳ ಬಸುರಿ ಮಗಳು ಗಂಗಾಮಣಿ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಇಣುಕಿದಳು. ಅವಳು ಎದ್ದುನಿಂತರೆ ಆ ಮನೆ ಮೊಣಕಾಲಿಗೂ ಬಾರದು. ಸಿಲ್ವರ್ ಓಕ್ ಹಲಗೆಯ ಗೋಡೆ, ಡಬ್ಬದ ತಗಡಿನ ಸೂರು. ಒಂದಂಗುಲಕ್ಕೆ ಒಂದಡಿ ಲೆಕ್ಕ. ಹೆಗ್ಗದ್ದೆಯ ಆಚೆಗಿನ ಶಾಂತಮಲ್ಲಪ್ಪನವರ ಕಾಫಿ ಎಸ್ಟೇಟಿನಲ್ಲಿ ಆಳುಗಳಿಗೆ ಹೊಸ ಲೈನ್, ಅಂದರೆ ಸಾಲುಮನೆ, ಬರುವುದಿತ್ತು. ಅದರ ಒಂದು ಮನೆ ಹೇಗಿರುತ್ತದೆಂದು ತೋರಿಸುವ ಮಾದರಿ ಇದು. ಮಾಡುವ ಕೆಲಸ ಎಸ್ಟೇಟಿನ ಬಡಗಿ ಭೂತಯ್ಯನದು.

ಹಿಂದಿನ ವರ್ಷ, ಎಪ್ಪತ್ತೇಳರಲ್ಲಿ, ತಪಾಸಣೆಗೆ ಬಂದ ಸರ್ಕಾರದ ಲೇಬರ್ ಇನ್‌ಸ್ಪೆಕ್ಟರು ಹಳೆಯ ಲೈನಿನ ಗೋಡೆಗೆ ಬೆರಳಿಟ್ಟರೆ ಮಣ್ಣು ಕೈಗೆ ಬಂದಿತ್ತು. ಹೊಸ ಮನೆಯ ನಕ್ಷೆ ಬಿಡಿಸಿ ತೋರಿಸಿದರೆ ಅವರಿಗೆ ಅದೂ ಸರಿಹೋಗಲಿಲ್ಲ. "ಹೊಗೆ ಎಲ್ಲಿಂದ ಹೋಗುತ್ತೆ? ಬಾಗಿಲು ಮಂಚಕ್ಕೆ ಬಡಿಯಲ್ವೇನ್ರೀ? ಕಾಗದದ ಮನೆ ನನಗೆ ಬೇಡ" ಎಂದು ಎದ್ದುಹೋಗಿದ್ದರು. ಈ ಸಲ ಮುಟ್ಟಿ ನೋಡುವಂಥದ್ದು ಬೇಕಿತ್ತು.

ಭೂತಯ್ಯನಿಗೆ ಬೇಕಾಗಿದ್ದುದು ಒಂದೇ. ಹಳೆಯ ಲೈನಿನ ಅವನ ಕೋಣೆಯಲ್ಲಿ ಆಷಾಢ ಬಂದರೆ ನೆಲವೇ ನೀರು ಒಸರುತ್ತಿತ್ತು. ಗಂಗಾಮಣಿಯ ಚೊಚ್ಚಲ ಕೂಸು ಅದೇ ನೆಲದ ಮೇಲೆ ಒಂಬತ್ತು ದಿನ ಕೆಮ್ಮಿ, ಹತ್ತನೆಯ ದಿನ ಸುಮ್ಮನಾಗಿತ್ತು. ಈ ಸಲದ್ದು ಒಣ ನೆಲದ ಮೇಲೆ ಮಲಗಬೇಕು. ಮಳೆ ಹಿಡಿಯುವ ಮುಂಚೆ ಗೋಡೆ ಏಳಬೇಕು.

ಮೊದಲು ಹೊಗೆಯದು. ಒಲೆಯ ಜಾಗದಲ್ಲಿ ಊದುಬತ್ತಿ ಹಚ್ಚಿಟ್ಟ. ಹೊಗೆ ಒಳಗೊಳಗೇ ಸುತ್ತಿ ಮಲಗುವ ಕೋಣೆಗೆ ನುಗ್ಗಿತು.

"ಅಪ್ಪಯ್ಯ, ಒಲೆ ಬಾಗ್ಲ ಎದುರಿಗೇ ಐತೆ. ಗಾಳಿ ಬಂದ್ರೆ ಇನ್ನೇನಾದಾತು? ಇದನ್ನ ಕಟ್ಟಿದೋನು ಒಂದಿನಾನೂ ಒಲೆ ಉರುಬಿಲ್ಲ ಬುಡು."

"ಕಟ್ಟಿದೋನು ನಾನೇ ಕಣೇ."

"ಅದ್ಕೇ ಅಂದಿದ್ದು."

ಒಲೆ ಮೂಲೆಗೆ ಹೋಯಿತು. ಮೇಲೆ ಹೊಗೆಗಂಡಿ ಬಂತು. ಮಂಚದ ಅಳತೆಗೆ ರಟ್ಟು ಕತ್ತರಿಸಿಟ್ಟು ನೋಡಿದರೆ ಇನ್‌ಸ್ಪೆಕ್ಟರು ಹೇಳಿದ್ದು ನಿಜ, ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಕೀಲನ್ನು ಆಚೆ ಬದಿಗೆ ಬಡಿದ. ಸೋರುವುದು ಮಾತ್ರ ನಿಲ್ಲಲೊಲ್ಲದು. ಗಂಗಾಮಣಿ ಒಣಗಿದ ಹಲಸಿನ ಬೀಜವೊಂದನ್ನು ತಂದು ಆ ಮೂಲೆಯಲ್ಲಿಟ್ಟಳು.

"ಇದೇನೇ?"

"ಕೂಸು. ಈಗ ಸುರಿ ನೀರ."

ಸುರಿದ. ಬೀಜ ತೊಯ್ದಿತು. ಭೂತಯ್ಯ ಸೂರಿನ ಮೊಳೆಗಳನ್ನು ಮತ್ತೆ ಕೀಳತೊಡಗಿದ.

ಅದೇ ಹೊತ್ತಿಗೆ ಶಾಂತಮಲ್ಲಪ್ಪನವರು ಬಂದರು. "ಏನೋ ಭೂತಯ್ಯ, ಇದರ ಮೇಲೆ ಯಾವ ಮಳೆ ಬೀಳುತ್ತೋ ಮಾರಾಯ?"

"ಇವತ್ತು ಇದು ಸೋರಿದ್ರೆ ನಾಳೆ ಮನೆ ಸೋರ್ತೈತೆ ಸಾವ್ಕಾರ್ರೇ."

"ಮನೆ ಸೋರಲ್ಲ. ನನ್ನ ಮಾತು ತಗೋ," ಎಂದು ಅವರು ನಕ್ಕರು. "ಗಟ್ಟಿ ಇರ್ಲಿ, ಅಷ್ಟೇ. ಜೀಪಿನಲ್ಲಿ ಕುಲುಕಾಡಿದ್ರೂ ಬಿರುಕು ಬಿಡಬಾರ್ದು. ನಾಕಾರು ವರ್ಷ ಬಾಳಿಕೆ ಬರಬೇಕು."

ಲೈನ್ ಕಟ್ಟಿಸುವ ಹಾಸನದ ಎಂಜಿನಿಯರಿಗೆ ಒಯ್ದು ತೋರಿಸಬೇಡವೇ, ಸಾವ್ಕಾರರು ಎಲ್ಲ ಯೋಚಿಸಿದ್ದಾರೆ ಎಂದುಕೊಂಡ ಭೂತಯ್ಯ. ಮೂಲೆಮೂಲೆಗೂ ಹಿತ್ತಾಳೆ ಪಟ್ಟಿ ಬಡಿದ.

ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ರಾಫೆಲ್ ದಿನಾ ಸಂಜೆ ಬಂದು ನೋಡಿಹೋಗುತ್ತಿದ್ದರು. ಭೂತಯ್ಯ ದಿನಾ ಕೇಳುತ್ತಿದ್ದ, "ಪಾಯ ಯಾವಾಗ ರೈಟ್ರೇ?"

"ಮೊದಲು ಇದು ಸರಿ ಆಗ್ಲಿ ಭೂತಯ್ಯ." ಮನೆಯ ಸುತ್ತ ಎರಡು ಸುತ್ತು ಬಂದು, ಬಗ್ಗಿ, ಎದ್ದು, ಚೆನ್ನಾಗಿದೆ ಎನ್ನುತ್ತಿದ್ದರು. ಗಂಗಾಮಣಿಯ ಕಡೆ ಮಾತ್ರ ನೋಡುತ್ತಿರಲಿಲ್ಲ.

ಕೊನೆಗೆ ಸೂರನ್ನು ಗೋಡೆಯಾಚೆ ಎರಡಂಗುಲ ಚಾಚಿ, ತಗಡಿನ ಅಂಚು ಮಡಚಿದ ಮೇಲೆ ಮೂರು ಚೊಂಬು ಸುರಿದರೂ ಒಳಗೆ ಹನಿ ಇಳಿಯಲಿಲ್ಲ. ಗಂಗಾಮಣಿ ಬೀಜವನ್ನು ಎತ್ತಿ, ಒರೆಸುವುದಕ್ಕೇನೂ ಇಲ್ಲದಿದ್ದರೂ ಸೆರಗಿನಲ್ಲಿ ಒರೆಸಿದಳು.

ತಪಾಸಣೆಯ ದಿನ ಮಾದರಿಯನ್ನು ಬಂಗಲೆಯ ಜಗುಲಿಯಲ್ಲಿ ಮೇಜಿನ ಮೇಲಿಟ್ಟಿದ್ದರು. ಇನ್‌ಸ್ಪೆಕ್ಟರು ಸೂರು ಎತ್ತಿ ನೋಡಿದರು. ಹೊಗೆ ಎಂದರು, ಊದುಬತ್ತಿಯ ಹೊಗೆ ನೆಟ್ಟಗೆ ಮೇಲೆ ಹೋಯಿತು. ಬಾಗಿಲು ಎಂದರು, ಸಲೀಸಾಗಿ ತೆರೆಯಿತು. ಭೂತಯ್ಯ ಕೇಳದೆಯೇ ಒಂದು ಚೊಂಬು ಸುರಿದು ತೋರಿಸಿದ.

"ಇಂಥ ಲೈನ್ ನಾನೆಲ್ಲೂ ನೋಡಿಲ್ಲ. ಬೇಗ ಕೆಲಸ ಶುರು ಮಾಡಿ," ಎಂದರು.

"ಕೊಯ್ಲು ಮುಗಿದ ಕೂಡಲೇ," ಎಂದರು ಸಾವ್ಕಾರರು.

ಇನ್‌ಸ್ಪೆಕ್ಟರು ಕಾಫಿ ಕುಡಿದು, ಸಹಿ ಹಾಕಿ ಹೊರಟರು.

ಭೂತಯ್ಯ ಕೊಯ್ಲಿಗೆ ಕಾಯಲಿಲ್ಲ. ಸ್ಟೋರಿನ ಹಿಂದಿನ ಸಮ ನೆಲದಲ್ಲಿ ನಾಲ್ಕು ಗೂಟ ಹೊಡೆದು ಹತ್ತಡಿ ಹನ್ನೆರಡಡಿಗೆ ದಾರ ಕಟ್ಟಿದ. ಗಂಗಾಮಣಿ ದಾರದೊಳಗೆ ನಿಂತು, ಇಲ್ಲದ ಗೋಡೆಗೆ ಬೆನ್ನು ಕೊಟ್ಟು ಕೂತಳು. "ಇಲ್ಲಿ ತೊಟ್ಲು, ಅಪ್ಪಯ್ಯ. ಒಲೆ ಕಾವು ಇಲ್ಲಿಗಂಟ ಬತ್ತೈತೆ."

ರಾಫೆಲ್ ಬಂದರು. ದಾರ ದಾಟದೆ ಆಚೆಯೇ ನಿಂತರು. "ಗೂಟ ಕಿತ್ತುಬಿಡು ಭೂತಯ್ಯ."

ಭೂತಯ್ಯನಿಗೆ ಗಾಬರಿಯಾಯಿತು. "ಯಾಕ್ ರೈಟ್ರೇ, ಎಲ್ಲಿ ಸೋರ್ತು? ಹೇಳಿ, ಈಗ್ಲೇ ಸರಿ ಮಾಡ್ತೀನಿ."

"ಎಲ್ಲೂ ಸೋರಿಲ್ಲ, ನಮ್ಮ ಇನ್‌ಸ್ಪೆಕ್ಷನ್ ಮುಗೀತು, ಅಷ್ಟೇ. ಆ ಮಾದರಿ ಮನೆಗೆ ಬೇರೆ ಬಣ್ಣ ಹೊಡೆದು ಜೀಪಿಗೆ ಹಾಕ್ಬೇಕಂತೆ. ಗುರುವಾರ ಆನೇಮಹಲ್ ಕಡೆ ತೋಟದವರದ್ದು ಇನ್‌ಸ್ಪೆಕ್ಷನ್ ಉಂಟು, ಅವರೂ ಇದನ್ನೇ ತೋರಿಸೋದು."