ಡಿಸೆಂಬರಿನಿಂದ ಹಿಂದಕ್ಕೆ

"ಒಂಟಿ ಕಾಲಲ್ಲಿ ನಿಂತ್ಕೊಳ್ಳಿ. ಕಣ್ಣು ಮುಚ್ಚಿ," ಎಂದಳು ಹಂಸಾ.

ಯಶ್ವಂತ್ ಅಡುಗೆಮನೆಯ ನಡುವೆ ಎಡಗಾಲಿನ ಮೇಲೆ ನಿಂತ. ಕೂದಲೆಳೆಯಷ್ಟೂ ಅಲುಗಲಿಲ್ಲ. ಹುಟ್ಟಿದೂರು ಟೊರಾಂಟೊ ಬಿಟ್ಟು, ಹನ್ನೊಂದು ಚಳಿಗಾಲ ಕೆನಡಾ, ಅಮೆರಿಕದ ಸಣ್ಣಪುಟ್ಟ ಊರುಗಳಲ್ಲಿ ಸ್ಕೇಟು ಕಟ್ಟಿ ಐಸ್-ಹಾಕಿ ಆಟ ಆಡಿ ಸಂಬಳ ತೆಗೆದುಕೊಂಡವನಿಗೆ ಭೂಗೋಳದ ಇನ್ನೊಂದು ತುದಿಯ ಮೌಂಟ್ ರಾಸ್ಕಿಲ್ ಬಡಾವಣೆಯ ಈ ಬಾಡಿಗೆ ಮನೆಯ ನೆಲ ಯಾವ ಲೆಕ್ಕ?

"ಇನ್ನೊಂದು ಕಾಲೂ ಎತ್ಲಾ, ಹಂಸಕ್ಕ?" ಎಂದ, ಕಣ್ಣು ಮುಚ್ಚಿಕೊಂಡೇ.

"ತಲೆಹರಟೆ ಸಾಕು. ಕೂತ್ಕೊಳ್ಳಿ."

ಕೂತ. ಕೂತ ಕೂಡಲೇ ಅವನ ಬಲ ಮೊಣಕಾಲು ಕುಣಿಯತೊಡಗಿತು. ಮೇಜು ನಡುಗಿತು, ತಟ್ಟೆಯಲ್ಲಿದ್ದ ಚಮಚ ಟಿಣಿಟಿಣಿ ಎಂದಿತು. ಒಲೆಯ ಪಕ್ಕ ನಿಂತಿದ್ದ ಪೂರ್ವಿ ಚಹಾಕ್ಕೆ ನೀರಿಟ್ಟಳು, ಉರಿ ಹಚ್ಚಲು ಮರೆತಳು. ಗಂಡನ ಆ ಮೊಣಕಾಲು ಸೋಮವಾರದಿಂದ ಒಂದು ಗಳಿಗೆ ಸುಮ್ಮನಿದ್ದಿಲ್ಲ. ಅಂದು ಇಲ್ಲಿಯ ತಂಡದ ಮ್ಯಾನೇಜರ್ ಫೋನ್ ಮಾಡಿದ್ದ: ನಮ್ಮ ಆಟಗಾರನೊಬ್ಬ ಕಾಲು ಮುರಿದುಕೊಂಡಿದ್ದಾನೆ, ಶನಿವಾರ ಫೈನಲ್, ಬರ್ತೀಯಾ? ಆದರೆ ತಲೆಗೆ ಪೆಟ್ಟು ಬಿದ್ದು ಆಟ ಬಿಟ್ಟವನು ನೀನು, ಡಾಕ್ಟರೊಬ್ಬರು ಹೂಂ ಅನ್ನಬೇಕು. ಮೂರು ವರ್ಷದ ಹಿಂದೆ, 2004ರಲ್ಲಿ, ಆ ಕೊನೆಯ ಪೆಟ್ಟಿನ ನಂತರ ಅವನು ವಾರಗಟ್ಟಲೆ ಪರದೆ ಎಳೆದ ಕೋಣೆಯಲ್ಲೇ ಮಲಗಿದ್ದ. ಬಲ್ಬಿನ ಬೆಳಕನ್ನೂ ಕಣ್ಣು ತಡೆಯುತ್ತಿರಲಿಲ್ಲ.

ಹಂಸಾ ಪೂರ್ವಿಯ ಅಕ್ಕ, ಇದೇ ನಗರದ ದಕ್ಷಿಣ ತುದಿಯ ಪಾಪಕುರಾದಲ್ಲಿ ಡಾಕ್ಟರು. "ನಾನು ಸುಮ್ನೆ ನೋಡ್ತೀನಿ ಅಷ್ಟೆ. ಅನುಮಾನ ಬಂದ್ರೆ ಸ್ಪೆಷಲಿಸ್ಟ್ ಹತ್ರ ಕಳಿಸ್ತೀನಿ, ತಂಗಿ ಗಂಡ ಅಂತ ಬಿಡಲ್ಲ" ಎಂದು ಹೇಳಿಯೇ ಈ ಗುರುವಾರ ಸಂಜೆ ಬಂದಿದ್ದಳು. ಬೆರಳನ್ನು ಮೂಗಿಗೆ ಮುಟ್ಟಿಸುವುದು, ಗೆರೆಯ ಮೇಲೆ ನಡೆಯುವುದು ಎಲ್ಲ ಆಗಿತ್ತು. ಬಾಗಿಲ ಬಳಿ ಅವನ ದೊಡ್ಡ ಚೀಲ ಆಗಲೇ ತುಂಬಿ ನಿಂತಿತ್ತು. ವಿಮಾನ ನಿಲ್ದಾಣದ ಗೋದಾಮಿನ ಕೆಲಸದಿಂದ ದಿನವೂ ಮುಖ ಜೋಲು ಹಾಕಿಕೊಂಡು ಬರುತ್ತಿದ್ದವನು ಈ ವಾರ ಸಿಳ್ಳೆ ಹಾಕುತ್ತ ಸ್ಕೇಟುಗಳ ಅಲಗು ಮಸೆಸಿಕೊಂಡು ಬಂದಿದ್ದ. ಆ ಸಿಳ್ಳೆ ಕೇಳಿ ಪೂರ್ವಿಗೆ ಸಂತೋಷವೂ ಆಗಿತ್ತು, ನಿದ್ದೆಯೂ ಕೆಟ್ಟಿತ್ತು. ಹೋದ ತಿಂಗಳು ಅವನು ಹಾಲು ತರಲು ಮೂಲೆಯ ಡೈರಿ ಅಂಗಡಿಗೆ ಕಾರಿನಲ್ಲಿ ಹೋಗಿ, ನಡೆದುಕೊಂಡು ಮನೆಗೆ ಬಂದಿದ್ದ. ಮರುದಿನ ಬೆಳಗ್ಗೆ ಕಾರು ಕಳುವಾಗಿದೆ ಎಂದು ಬೀದಿಯೆಲ್ಲ ಹುಡುಕಿದ್ದ. ಪೂರ್ವಿ ನಕ್ಕು ಸುಮ್ಮನಾಗಿದ್ದಳು. ಅಕ್ಕನಿಗೂ ಹೇಳಿರಲಿಲ್ಲ.

"ಕೊನೇದು," ಎಂದಳು ಹಂಸಾ. "ತಿಂಗಳುಗಳನ್ನ ಹಿಂದಿನಿಂದ ಹೇಳಿ. ಡಿಸೆಂಬರ್‌ನಿಂದ."

"ಡಿಸೆಂಬರ್ ನವೆಂಬರ್ ಅಕ್ಟೋಬರ್ ಸೆಪ್ಟೆಂಬರ್ ಆಗಸ್ಟ್ ಜುಲೈ," ಒಂದು ಸಣ್ಣ ಉಸಿರು, "ಜೂನ್ ಮೇ ಏಪ್ರಿಲ್ ಮಾರ್ಚ್ ಫೆಬ್ರವರಿ ಜನವರಿ!"

"ಭೇಷ್! ನಮ್ಮ ಕ್ಲಿನಿಕ್ ನರ್ಸೂ ಇಷ್ಟು ಬೇಗ ಹೇಳಲ್ಲ." ಹಂಸಾ ಪೆನ್ನಿನ ಮುಚ್ಚಳ ಹಾಕಿದಳು. "ಎಲ್ಲಿ, ನಿಮ್ಮ ಮ್ಯಾನೇಜರ್ ನಂಬರ್ ಕೊಡಿ."

ಯಶ್ವಂತ್ ಆಗಲೇ ಫೋನಿಗೆ ಕೈ ಹಾಕಿದ್ದ. ಪೂರ್ವಿಯ ಕಿವಿ ಮಾತ್ರ ಜುಲೈ ಆದ ಮೇಲಿನ ಆ ಉಸಿರಲ್ಲೇ ನಿಂತಿತ್ತು. ಮದುವೆಯಾದಾಗಿನಿಂದ ಕೇಳುತ್ತ ಬಂದ ಉಸಿರು ಅದು. ಬೂಟಿನ ಲೇಸು ಕಟ್ಟುವಾಗ, ಗಡ್ಡ ಹೆರೆಯುವಾಗ, ಅದೇ ತಿಂಗಳುಗಳು, ಅದೇ ಧಾಟಿ, ಅಲ್ಲೇ ನಿಲುಗಡೆ. ಇದೇನು ಎಂದು ಹೊಸದರಲ್ಲಿ ಕೇಳಿದ್ದಳು. "ನಿಮ್ಮಪ್ಪಂಗೆ ಸಂಧ್ಯಾವಂದನೆ ಹೆಂಗೋ ಹಂಗೆ" ಎಂದು ನಕ್ಕಿದ್ದ. ತಂಡದ ಬಸ್ಸಿನಲ್ಲಿ ಹಳಬರು ಹೊಸಬರಿಗೆ ಮೊದಲ ವಾರವೇ ಇದನ್ನು ಬಾಯಿಪಾಠ ಮಾಡಿಸುತ್ತಿದ್ದರಂತೆ. ತಲೆಗೆ ಪೆಟ್ಟು ಬಿದ್ದರೆ ಡಾಕ್ಟರು ಕೇಳುವುದು ಇದನ್ನೇ. ತಡವರಿಸಿದರೆ ಮುಂದಿನ ಪಂದ್ಯಕ್ಕೆ ನಿನ್ನ ಅಂಗಿಯೊಳಗೆ ಇನ್ನೊಬ್ಬ ಇರುತ್ತಾನೆ. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಅಕ್ಕ," ಎಂದಳು ಪೂರ್ವಿ. "ವಾರದ ದಿನಗಳನ್ನ ಕೇಳು. ಹಿಂದಿನಿಂದ."

"ಬೇಕಾಗಿಲ್ಲ ಕಣೇ. ತಿಂಗಳೇ ಹೇಳಿದ್ರಲ್ಲ."

"ಕೇಳಕ್ಕ."

ಯಶ್ವಂತ್ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮುಖದಲ್ಲಿ ಇನ್ನೂ ನಗು ಇತ್ತು. "ಕಮಾನ್, ಪೂರ್ವಿ! ನೀನು ಯಾವ ಟೀಮು?"

"ನಿಂದೇ. ಹೇಳು."

"ಈಸಿ. ಸಂಡೇ. ಸ್ಯಾಟರ್ಡೇ. ಫ್ರೈಡೇ." ನಿಲ್ಲಿಸಿದ. "ಫ್ರೈಡೇ..."

ತಟ್ಟೆಯ ಮೇಲಿನ ಚಮಚದ ಸದ್ದು ನಿಂತಿತು. ಹೊರಗೆ ಬಸ್ಸೊಂದು ನಿಂತು, ಹೋಯಿತು. ಹಂಸಾ ಪೆನ್ನಿನ ಮುಚ್ಚಳ ಮತ್ತೆ ತೆಗೆದಳು, ಸದ್ದಾಗದಂತೆ.

"ಫ್ರೈಡೇ... ಟ್ಯೂಸ್ಡೇ? ಇಲ್ಲ. ಇರಿ, ಇರಿ ಹಂಸಕ್ಕ." ಅವನು ಬಾಗಿಲ ಬಳಿಯ ಚೀಲವನ್ನು ನೋಡಿದ, ಪೂರ್ವಿಯನ್ನು ನೋಡಿದ. ಅಂಗೈ ಪ್ಯಾಂಟಿಗೆ ಒರೆಸಿಕೊಂಡ. "ಇನ್ನೊಂದ್ಸಲ. ಮೊದಲಿಂದ ಹೇಳ್ತೀನಿ."

ಕಣ್ಣು ಮುಚ್ಚಿದ. ಎದೆ ತುಂಬ ಉಸಿರೆಳೆದುಕೊಂಡ.

"ಡಿಸೆಂಬರ್ ನವೆಂಬರ್ ಅಕ್ಟೋಬರ್..."

ಮೇಜಿನ ಮೇಲೆ ಚಮಚ ಮತ್ತೆ ಟಿಣಿಟಿಣಿ ಎನ್ನತೊಡಗಿತು.