ಜನವರಿಯ ಕುರ್ಚಿ

“ಅದು ನನ್ನ ಓಟು!” ವೆಂಡೆಲ್ ಹಂಟೂನ್ ಮೇಜು ಗುದ್ದಿದ.

“ಕಣ್ಣಿಗೆ ಪೊರೆ ಬಂದಿದೆ ನಿನಗೆ,” ಎಂದಳು ಎದುರಾಳಿ ಡಾರ್ಕಸ್ ಫರ್ನಾಲ್ಡ್. “ಅದು ನನ್ನದು.”

ಇಬ್ಬರ ನಡುವೆ ಪಟ್ಟಣದ ಗುಮಾಸ್ತೆ ಅಲ್ಮಾ ಕಿಂಬಾಲ್ ಒಂದು ಮತಪತ್ರ ಎತ್ತಿ ಹಿಡಿದಿದ್ದಳು. ಟೌನ್ ಹಾಲಿನ ಬೆಂಚುಗಳ ಮೇಲೆ ಅರ್ಧ ಊರು ಕೂತಿತ್ತು. ಮರುಎಣಿಕೆಯಲ್ಲಿ ಇಬ್ಬರಿಗೂ ಇನ್ನೂರ ಹನ್ನೆರಡು. ಉಳಿದದ್ದು ಇದೊಂದೇ. ಯಾರೋ ಪುಣ್ಯಾತ್ಮ ಹೆಸರುಗಳ ಮುಂದಿನ ಯಾವ ವೃತ್ತಕ್ಕೂ ಶಾಯಿ ತುಂಬಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದ: ‘ಬಾಯಿ ಜೋರು. ಇವಳು ಹೋಗಲಿ. ಮುದುಕ ಸಾಕು.’

“ಇವಳು ತೊಲಗಲಿ, ಮುದುಕನೇ ಸಾಕು ಅಂತ ತಾನೇ?” ಎಂದ ವೆಂಡೆಲ್.

“ಇವಳು ರಾಜಧಾನಿಗೆ ಹೋಗಲಿ, ಮುದುಕನ ಕಾಟ ಸಾಕಪ್ಪಾ ಸಾಕು ಅಂತ.”

ಅಲ್ಮಾ ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ಬೆಂಚುಗಳ ಮೇಲೆ ನಗು ಹಬ್ಬಿತು.

ವೆಂಡೆಲ್ ಹನ್ನೆರಡು ಅವಧಿಗೆ, ಅಂದರೆ ಇಪ್ಪತ್ತನಾಲ್ಕು ವರ್ಷ, ಈ ಊರಿನ ಶಾಸಕ. ತಂದದ್ದು ಒಂದು ಸೇತುವೆ, ‘ಮೂಸ್ ದಾಟುತ್ತವೆ ಎಚ್ಚರಿಕೆ’ ಎಂಬ ಎರಡು ಫಲಕ. ಫಲಕ ನೆಟ್ಟ ಮೇಲೆ ಮೂಸ್ ಎಂಬ ಆ ದೈತ್ಯ ಜಿಂಕೆಗಳು ಬೇರೆ ಕಡೆ ದಾಟತೊಡಗಿದವು. ಆದರೂ ಅವನನ್ನು ಯಾರೂ ಸೋಲಿಸಿರಲಿಲ್ಲ, ಏಕೆಂದರೆ ಯಾರೂ ಎದುರು ನಿಂತಿರಲಿಲ್ಲ. ಸದನ ಜನವರಿಯಲ್ಲಿ ಕೂಡಿ ಜೂನಿನಲ್ಲಿ ಮುಗಿಯುತ್ತದೆ. ಸಂಬಳ ವರ್ಷಕ್ಕೆ ನೂರು ಡಾಲರ್. ಅಷ್ಟಕ್ಕಾಗಿ ಯಾರು ಬಡಿದಾಡುತ್ತಾರೆ?

ಈ ಬೇಸಿಗೆಯಲ್ಲಿ ಡಾರ್ಕಸ್ ನಿಂತಳು. ಅದೂ ಅವನದೇ ಪಕ್ಷದಿಂದ. ಫರ್ನಾಲ್ಡ್ ಎಂದರೆ ಊರಿನ ಹಳೆಯ ಮನೆತನ. ಅವಳ ಅಪ್ಪನ ಹೆಸರಿಗೆ ಇನ್ನೂ ತೂಕವಿತ್ತು. ಎದುರು ಪಕ್ಷದವರು ಯಾರನ್ನೂ ಹಾಕಿರಲಿಲ್ಲ. ಪಕ್ಷದ ಈ ಒಳಚುನಾವಣೆಯಲ್ಲಿ ಗೆದ್ದವರೇ ಶಾಸಕರು.

“ಸೋತರೆ ಜನವರಿಯಲ್ಲಿ ನಾನು ಸತ್ತೆ ಅಂತಲೇ ತಿಳ್ಕೊ,” ಎಂದು ವೆಂಡೆಲ್ ಕ್ಷೌರಿಕನ ಹತ್ತಿರ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದ. ಕೇಳಿದವನಿಗೆ ಅದು ಉತ್ಪ್ರೇಕ್ಷೆ ಎನ್ನಿಸಲಿಲ್ಲ.

ಪ್ರಚಾರ ವಿಚಿತ್ರವಾಗಿ ನಡೆಯಿತು. ಅವನು ಒಂದು ಬಾಗಿಲು ತಟ್ಟಿದರೆ, ಅವಳು ಹತ್ತು ನಿಮಿಷದ ಹಿಂದೆಯೇ ಸೇಬಿನ ಪೈ ಕೊಟ್ಟು ಹೋಗಿರುತ್ತಿದ್ದಳು. ಅವನ ಭಾಷಣ ಅವಳಿಗೆ ಮೊದಲೇ ಬಾಯಿಪಾಠ. ನಡುವಿನ ಕೆಮ್ಮನ್ನೂ ಬಿಡದೆ ಒಪ್ಪಿಸುತ್ತಿದ್ದಳು. ಅವಳು ಗುಟ್ಟಾಗಿ ಕರೆದ ಸಭೆಗೆ ಅವನು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕಾಫಿ ಕುಡಿಯುತ್ತಿರುತ್ತಿದ್ದ. ತನ್ನ ಪಾಳೆಯದಲ್ಲಿ ಗೂಢಚಾರನಿದ್ದಾನೆಂದು ಇಬ್ಬರೂ ಅಲ್ಮಾಗೆ ದೂರು ಕೊಟ್ಟರು. ಅಲ್ಮಾ ಎರಡೂ ದೂರುಗಳನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಮಡಚಿ ಒಳಗಿಟ್ಟಳು.

“ಇಪ್ಪತ್ತನಾಲ್ಕು ವರ್ಷ ಬೆಚ್ಚಗೆ ಕೂತು ಗೊರಕೆ ಹೊಡೆದಿದ್ದು ಬಿಟ್ಟರೆ ಏನು ಮಾಡಿದೀಯ?” ಎಂದಳು ಈಗ ಡಾರ್ಕಸ್.

“ನನ್ನ ಗೊರಕೆ ಕೇಳೋಕೆ ನೀನು ಸದನಕ್ಕೆ ಬಂದಿದ್ಯಾ?”

“ಅಷ್ಟು ದೂರ ಬೇಕಿಲ್ಲಪ್ಪ. ಊರಿಗೇ ಕೇಳಿಸುತ್ತೆ.”

“ಏಯ್, ಬೇಗ ಮುಗಿಸಿ ಮಾರಾಯರೆ!” ಹಿಂದಿನಿಂದ ಯಾರೋ ಕೂಗಿದರು.

“ನಾಲ್ಕರೊಳಗೆ ಮುಗೀಬೇಕು,” ಎಂದ ವೆಂಡೆಲ್, ಗಡಿಯಾರ ನೋಡಿ.

“ಹೌದು, ನಾಲ್ಕರೊಳಗೆ,” ಎಂದಳು ಡಾರ್ಕಸ್. ಅಂದು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಅಲ್ಮಾ ಗಂಟಲು ಸರಿಮಾಡಿಕೊಂಡಳು. “ಇಬ್ಬರ ಅರ್ಥವೂ ಸರಿಯಾಗಿದೆ. ಆದ್ದರಿಂದ ಈ ಓಟು ಇಬ್ಬರಿಗೂ ಇಲ್ಲ. ಸಮ ಸಮ. ಚೀಟಿ ಎತ್ತುವುದೇ ದಾರಿ.”

ಎರಡು ಚೀಟಿ ಬರೆದು, ಮಡಚಿ, ಮೇಪಲ್ ಪಾಕದ ಖಾಲಿ ಡಬ್ಬಿಯಲ್ಲಿ ಹಾಕಿ ಕುಲುಕಿದಳು. ವೆಂಡೆಲ್ ಟೊಪ್ಪಿಗೆ ಹಿಂಡುತ್ತಿದ್ದ. ಡಾರ್ಕಸ್ ಬೆಂಚಿನ ಅಂಚು ಹಿಡಿದಿದ್ದಳು. ಅಲ್ಮಾ ಕಣ್ಣು ಮುಚ್ಚಿ ಕೈ ಹಾಕಿದಳು. ಚೀಟಿ ಬೆರಳಿಗೆ ಅಂಟಿಕೊಂಡು ಬಂತು.

“ಡಾರ್ಕಸ್ ಫರ್ನಾಲ್ಡ್!”

ಇಡೀ ಸಭೆ ಭೋರ್ಗರೆಯಿತು. ಟೊಪ್ಪಿಗೆಗಳು ಹಾರಿದವು. ಅರವತ್ತೆರಡರ ಡಾರ್ಕಸ್ ಬೆಂಚು ಹತ್ತಿ ಎರಡು ಹೆಜ್ಜೆ ಕುಣಿದೇಬಿಟ್ಟಳು. ಹನ್ನೆರಡು ಅವಧಿಯ ಶಾಸಕ ಗೋಡೆಗೊರಗಿ ಕೆಳಕ್ಕೆ ಜಾರಿದ. ಯಾರೋ ನೀರು ಕೊಟ್ಟರು. ಅವನು ಕುಡಿಯಲಿಲ್ಲ.

“ಡಾರ್ಕಸ್,” ಎಂದ ಕ್ಷೀಣವಾಗಿ, “ನನಗೆ ಆ ಚಳಿ ತಡೆಯೋಕಾಗಲ್ಲ ಕಣೆ.”

ಅವಳು ಬೆಂಚಿನಿಂದಿಳಿದು ಬಂದು ಅವನ ಕೋಟಿನ ಗುಂಡಿ ಹಾಕಿದಳು.

“ನಿನ್ನ ಹೆಂಡತಿಯಾಗಿ ಈ ಇಪ್ಪತ್ತನಾಲ್ಕು ಚಳಿಗಾಲ ನಾನು ತಡೆದಿಲ್ವಾ? ಏಳು, ಮನೆಗೆ ಹೋಗೋಣ. ಜನವರಿಯಿಂದ ಜೂನಿನವರೆಗೆ ಬೆಳಗಿನ ಜಾವ ನಾಲ್ಕೂವರೆಗೆ, ಸಂಜೆ ನಾಲ್ಕೂವರೆಗೆ, ನಮ್ಮ ನಲವತ್ತು ಹಸುಗಳ ಹಾಲು ಈ ಸಲ ನೀನು ಕರೀತೀಯ.”