ಹೊಸ ಸದಸ್ಯೆಯ ಪರಿಚಯಪತ್ರ

ಪ್ರಾಂತೀಯ ಆರೋಗ್ಯ ಮಂಡಳಿಯ ಅಧಿಕಾರೇತರ ಸದಸ್ಯರೆಲ್ಲ ಸರಕಾರಿ ಆಸ್ಪತ್ರೆಯಲ್ಲಿ ಸತ್ತವರೇ. ತಿಂಗಳಿಗೊಮ್ಮೆ ಸಭೆಗೆ ಬಂದು, ಚಹಾ ಮುಟ್ಟದೆ ಕೂತು, ತಮಗೆ ಏನು ಸಿಗಲಿಲ್ಲವೆಂದು ಹೇಳಿ ಹೋಗುತ್ತಿದ್ದರು. ಅವರ ಪರಿಚಯಪತ್ರ ಬರೆಯುವುದು ಗುಮಾಸ್ತೆ ಗಂಗವ್ವನ ಕೆಲಸ.

ಇಂದು ಬಂದ ಹೊಸ ಸದಸ್ಯೆ ಅವಳ ಮಗಳು ನೀಲಾ, ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡವಳು.

ಹೆಸರು, ಊರು, ಸತ್ತ ಕಾರಣ ಗಂಗವ್ವ ಒಂದೇ ಓಟದಲ್ಲಿ ಬರೆದಳು. ಕೊನೆಯ ಸಾಲಿಗೆ ಬಂದು ಪೆನ್ನು ನಿಂತುಬಿಟ್ಟಿತು: ಈ ಕಚೇರಿಯಲ್ಲಿ ಸಂಬಂಧಿಕರು ಇದ್ದಾರೆಯೇ? ಇದ್ದರೆ ಸದಸ್ಯತ್ವ ರದ್ದು, ಮತ್ತೆಂದೂ ಬರುವಂತಿಲ್ಲ.

“ಏನಂತ ಬರೀಲಿ, ನನ್ನವ್ವಾ?” ಎಂದಳು ಮೆಲ್ಲಗೆ.

ನೀಲಾ ಬಾಗಿಲ ಕಡೆ ನೋಡಿದಳು. ಅಧ್ಯಕ್ಷರು ಒಳಗೆ ಬರುತ್ತಿದ್ದರು.

“ಯಾರೂ ಇಲ್ಲಂತ ಬರೀರಿ, ಮೇಡಂ.”

ಗಂಗವ್ವ ಬರೆದಳು.